ನಾರ್ಕೊಲೆಪ್ಸಿ ಇರುವವರು ಹಗಲನ್ನು ಹೇಗೆ ಹೊಂದಿಸಿಕೊಳ್ಳುತ್ತೀರಿ?

ಅರೆಗಣ್ಣು:

ನನಗೀಗ 27 ವರ್ಷ. ಹಗಲಿನಲ್ಲಿ ತಡೆಯಲಾಗದ ನಿದ್ರೆ ಎರಗುವ ಕಾಯಿಲೆ ನನ್ನದು. ನಾಲ್ಕು ತಿಂಗಳ ಹಿಂದೆ ಅದು ಒಂದನೇ ಬಗೆಯ ನಾರ್ಕೊಲೆಪ್ಸಿ, ಅಂದರೆ ಕ್ಯಾಟಪ್ಲೆಕ್ಸಿಯೂ (ನಗುವಿನಂತಹ ಭಾವನೆ ಉಕ್ಕಿದಾಗ ಸ್ನಾಯುಗಳು ಹಠಾತ್ತನೆ ಸಡಿಲಗೊಳ್ಳುವುದು) ಜೊತೆಗಿರುವ ಬಗೆ, ಎಂದು ಖಚಿತವಾಯಿತು. ಲಕ್ಷಣಗಳು ಹದಿನೈದನೇ ವಯಸ್ಸಿನಿಂದಲೇ ಇದ್ದವು. ಹನ್ನೆರಡು ವರ್ಷಗಳ ಕಾಲ ಅವುಗಳನ್ನು ಮನೆಯವರು ಸೋಮಾರಿತನವೆಂದೂ, ಒಬ್ಬ ವೈದ್ಯರು ರಕ್ತಹೀನತೆಯೆಂದೂ, ಇನ್ನೊಬ್ಬರು ಖಿನ್ನತೆಯೆಂದೂ ಕರೆದರು.

ಬೆಳಿಗ್ಗೆ ಎಚ್ಚರವಾಗಿರಿಸುವ ಮೊಡಾಫಿನಿಲ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಮಧ್ಯಾಹ್ನದವರೆಗೆ ಪರವಾಗಿಲ್ಲ. ಎರಡು ಗಂಟೆ ದಾಟಿದ ಮೇಲೆ ನನ್ನ ಪಾಡು ಏನಾಗುತ್ತದೆ ಎಂಬುದಕ್ಕೆ ನನ್ನ ಟಿಪ್ಪಣಿ ಪುಸ್ತಕವೇ ಸಾಕ್ಷಿ. ಕಳೆದ ವಾರದ ಸಭೆಯೊಂದರ ಪುಟದಲ್ಲಿ ಮೊದಲ ಆರು ಸಾಲುಗಳು ನೆಟ್ಟಗಿವೆ. ಏಳನೆಯ ಸಾಲಿನಲ್ಲಿ ಅಕ್ಷರಗಳು ಗೆರೆಯಿಂದ ಕೆಳಗೆ ಜಾರತೊಡಗಿವೆ, ಒತ್ತಕ್ಷರಗಳು ಕಳಚಿಬಿದ್ದಿವೆ, ಎಂಟನೆಯದು ಬರಿಯ ಗೀಚು. ಅದರ ಕೆಳಗೆ ಸ್ಪಷ್ಟವಾಗಿ ಓದಲು ಬರುವುದು ಒಂದೇ ವಾಕ್ಯ: “ಬಾಗಿಲಲ್ಲಿ ನಿಂತ ಕುದುರೆಗೆ ಅನುಮೋದನೆ ಬಾಕಿ ಇದೆ.” ಆ ಸಭೆಯಲ್ಲಿ ಕುದುರೆಯ ಮಾತು ಬಂದಿರಲಿಲ್ಲ. ಆ ಇಪ್ಪತ್ತು ನಿಮಿಷ ನಾನು ಕಣ್ಣು ತೆರೆದುಕೊಂಡೇ ಕುಳಿತಿದ್ದೆನೆಂದು ಪಕ್ಕದವರು ಹೇಳುತ್ತಾರೆ.

ಔಷಧದ ವಿಚಾರವನ್ನು ವೈದ್ಯರು ನೋಡಿಕೊಳ್ಳುತ್ತಾರೆ. ಉಳಿದ ಹಗಲನ್ನು ನೀವೆಲ್ಲ ಹೇಗೆ ಹಂಚಿಕೊಂಡಿದ್ದೀರಿ ಎಂಬುದನ್ನು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಎರಡನೇಜಾವ:

ಆ ಕುದುರೆ ನಮ್ಮೆಲ್ಲರ ಪುಸ್ತಕದಲ್ಲೂ ಒಮ್ಮೆ ಬಂದುಹೋಗಿದೆ, ಅರೆಗಣ್ಣು ಅವರೇ. ವೈದ್ಯರು ಇದನ್ನು ಸ್ವಯಂಚಾಲಿತ ವರ್ತನೆ ಎನ್ನುತ್ತಾರೆ. ಮಿದುಳು ಕ್ಷಣಕ್ಷಣದ ನಿದ್ರೆಗೆ ಜಾರುತ್ತಿದ್ದರೂ ಕೈ ಹಿಡಿದ ಕೆಲಸವನ್ನು ಮುಂದುವರಿಸುತ್ತಿರುತ್ತದೆ. ನಾನೊಮ್ಮೆ ಒಗೆದ ಬಟ್ಟೆಗಳನ್ನು ಅಚ್ಚುಕಟ್ಟಾಗಿ ಮಡಚಿ ಫ್ರಿಜ್ಜಿನೊಳಗೆ ಜೋಡಿಸಿಟ್ಟಿದ್ದೆ.

ನನಗೆ ಈ ಕಾಯಿಲೆಯೊಂದಿಗೆ 22 ವರ್ಷಗಳ ಒಡನಾಟವಿದೆ. ಅಷ್ಟು ವರ್ಷಗಳಲ್ಲಿ ಕಲಿತದ್ದು ಇದು: ನಿದ್ರೆ ಬಂದ ಮೇಲೆ ಮಲಗಬಾರದು, ಬರುವ ಮುನ್ನ ಮಲಗಬೇಕು. ಕಣ್ಣು ಎಳೆಯತೊಡಗಿದ ಮೇಲೆ ಅದನ್ನು ತಡೆಯಲು ಮಾಡುವ ಸಾಹಸವೆಲ್ಲ ವ್ಯರ್ಥ. ಆ ಅರ್ಧ ಗಂಟೆಯ ಕೆಲಸವೂ ಹಾಳು, ಆಮೇಲಿನ ಒಂದು ಗಂಟೆಯೂ ಹಾಳು. ಆದ್ದರಿಂದ ನಿದ್ರೆ ಯಾವಾಗ ಬರುತ್ತದೆಂಬುದನ್ನು ಮೊದಲು ಪತ್ತೆ ಮಾಡಿಕೊಳ್ಳಿ. ಎರಡು ವಾರ ಒಂದು ಕಾಗದವನ್ನು ಅರ್ಧರ್ಧ ಗಂಟೆಯ ಮನೆಗಳಾಗಿ ಗೆರೆ ಹಾಕಿಟ್ಟುಕೊಳ್ಳಿ. ಆಕಳಿಕೆ ಬಂದರೆ ಒಂದು ಚುಕ್ಕೆ, ಓದಿದ ಸಾಲನ್ನೇ ಮತ್ತೆ ಓದಿದರೆ ಎರಡು, ತಲೆ ವಾಲಿದರೆ ಮೂರು ಇಡಿ. ಹದಿನಾಲ್ಕು ದಿನಗಳ ಕಾಗದಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಾಗ, ಎಲ್ಲಿಂದಲೋ ಎರಗಿ ಬರುವಂತೆ ತೋರುತ್ತಿದ್ದ ನಿದ್ರೆಗೂ ಒಂದು ವೇಳಾಪಟ್ಟಿ ಇರುವುದು ಕಾಣುತ್ತದೆ. ನನ್ನ ಚುಕ್ಕೆಗಳು ಒಂದು ಗಂಟೆಗೂ ಸಂಜೆ ಐದಕ್ಕೂ ಗುಂಪುಗೂಡಿದ್ದವು. ಆದ್ದರಿಂದ ಹನ್ನೆರಡೂ ನಲವತ್ತಕ್ಕೂ ನಾಲ್ಕೂವರೆಗೂ ಮಲಗುತ್ತೇನೆ. ಪ್ರತಿ ಸಲವೂ ಇಪ್ಪತ್ತು ನಿಮಿಷ, ಅಲಾರಂ ಇಟ್ಟು.

ಇಪ್ಪತ್ತೇ ಏಕೆಂದರೆ, ನಾರ್ಕೊಲೆಪ್ಸಿಯಲ್ಲಿ ಅಷ್ಟು ಸಣ್ಣ ನಿದ್ರೆಯೂ ಮನಸ್ಸನ್ನು ತಿಳಿಯಾಗಿಸುತ್ತದೆ. ಅದು ಈ ಕಾಯಿಲೆ ನಮಗೆ ತೋರಿಸುವ ಒಂದೇ ಒಂದು ಕರುಣೆ. ಅದೇ ಒಂದೂವರೆ ಗಂಟೆ ಮಲಗಿದರೆ ಎದ್ದ ಮೇಲೆ ತಲೆ ಭಾರವಾಗಿ ಜೋಮು ಹಿಡಿದಂತೆ ಇರುತ್ತದೆ, ರಾತ್ರಿಯ ನಿದ್ರೆಯೂ ಕೆಡುತ್ತದೆ. ರಾತ್ರಿ ಮಲಗುವ ಹೊತ್ತು ಮತ್ತು ಬೆಳಿಗ್ಗೆ ಏಳುವ ಹೊತ್ತು ರಜೆಯ ದಿನವೂ ಬದಲಾಗಬಾರದು. ಇದನ್ನು ಎಲ್ಲರೂ ಹೇಳುತ್ತಾರೆ, ಯಾರೂ ಪಾಲಿಸುವುದಿಲ್ಲ. ನಾನೂ ಮೊದಲ ಹತ್ತು ವರ್ಷ ಪಾಲಿಸಲಿಲ್ಲ.

ನೇರಮಾತು:

ನನ್ನ ತಮ್ಮನಿಗೆ ಈ ತೊಂದರೆ ಇದೆ. ಒರಟಾಗಿ ಕೇಳಿಸಿದರೆ ಕ್ಷಮಿಸಿ. ಹಗಲಿನಲ್ಲಿ ಮಲಗಲು ಹೊತ್ತು ಗೊತ್ತುಮಾಡಿಕೊಡುವುದು ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟಂತೆ ಆಗುವುದಿಲ್ಲವೇ? ರಾತ್ರಿ ಬೇಗ ಮಲಗಿ, ಬೆಳಿಗ್ಗೆ ವ್ಯಾಯಾಮ ಮಾಡಿ, ನಿದ್ರೆ ಬಂದಾಗ ಕಾಫಿ ಕುಡಿದು ಎದ್ದು ಓಡಾಡಿದರೆ ಸಾಲದೇ? ಮನಸ್ಸು ಗಟ್ಟಿ ಮಾಡಿಕೊಂಡರೆ ಆಗದ್ದು ಏನಿದೆ?

ರಾತ್ರಿಪಾಳಿ:

ನಾನು ನಿದ್ರಾ ಪ್ರಯೋಗಾಲಯದಲ್ಲಿ ತಂತ್ರಜ್ಞೆಯಾಗಿ ಕೆಲಸ ಮಾಡುವವಳು. ನೇರಮಾತು ಅವರ ಗಾದೆ ಸರಿಯಾಗಿಯೇ ಇದೆ. ಈ ಕಾಯಿಲೆಯಲ್ಲಿ ತೂಕಡಿಸುವವರಿಗೆ ಹಾಸಿಗೆ ಹಾಸಿಕೊಡುವುದೇ ಚಿಕಿತ್ಸೆಯ ಒಂದು ಭಾಗ.

ಮಿದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲಿ ಹೈಪೊಕ್ರೆಟಿನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳ ಒಂದು ಚಿಕ್ಕ ಗುಂಪಿದೆ. 1998ರಲ್ಲಿ ಎರಡು ಸಂಶೋಧನಾ ತಂಡಗಳು ಇದನ್ನು ಬೇರೆ ಬೇರೆಯಾಗಿ ಕಂಡುಹಿಡಿದದ್ದರಿಂದ ಇದಕ್ಕೆ ಒರೆಕ್ಸಿನ್ ಎಂಬ ಎರಡನೆಯ ಹೆಸರೂ ಉಳಿದಿದೆ. ಎಚ್ಚರ ಮತ್ತು ನಿದ್ರೆಯ ನಡುವಿನ ಬಾಗಿಲಿಗೆ ಅಗುಳಿ ಹಾಕಿಡುವ ಕೆಲಸ ಇದರದ್ದು. ಒಂದನೇ ಬಗೆಯ ನಾರ್ಕೊಲೆಪ್ಸಿ ಇದ್ದು ತೀರಿಕೊಂಡವರ ಮಿದುಳುಗಳನ್ನು ಪರೀಕ್ಷಿಸಿದಾಗ ಆ ನರಕೋಶಗಳು ಬಹುಪಾಲು ನಾಶವಾಗಿದ್ದುದು 2000ದಲ್ಲಿ ತಿಳಿದುಬಂತು. ದೇಹದ ರೋಗನಿರೋಧಕ ವ್ಯವಸ್ಥೆಯೇ ಅವುಗಳನ್ನು ಕೊಂದಿರಬೇಕೆಂಬುದಕ್ಕೆ ಬಲವಾದ ಸುಳಿವುಗಳಿವೆ. ಅಗುಳಿಯೇ ಇಲ್ಲದ ಬಾಗಿಲನ್ನು ಮನೋಬಲದಿಂದ ಎಷ್ಟು ಹೊತ್ತು ಒತ್ತಿ ಹಿಡಿದಿರಲು ಸಾಧ್ಯ?

ಪರೀಕ್ಷೆಯಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಇಡೀ ರಾತ್ರಿ ನಿದ್ರೆಯನ್ನು ದಾಖಲಿಸಿದ ಮರುದಿನ ಎರಡೆರಡು ಗಂಟೆಗಳ ಅಂತರದಲ್ಲಿ ಐದು ಸಲ ಮಲಗಲು ಹೇಳುತ್ತೇವೆ. ನಿದ್ರೆಗೆ ಜಾರಲು ಸರಾಸರಿ ಎಂಟು ನಿಮಿಷ ಅಥವಾ ಅದಕ್ಕಿಂತ ಕಡಿಮೆ ಹಿಡಿದು, ಎರಡು ಸಲವಾದರೂ ಹದಿನೈದು ನಿಮಿಷದೊಳಗೆ ರೆಮ್ ನಿದ್ರೆ ಅಂದರೆ ಕನಸಿನ ನಿದ್ರೆ ಬಂದರೆ ಅದು ನಾರ್ಕೊಲೆಪ್ಸಿಯ ಗುರುತು. ಉಳಿದವರಿಗೆ ಆ ಹಂತ ಮುಟ್ಟಲು ಸುಮಾರು ತೊಂಬತ್ತು ನಿಮಿಷ ಬೇಕು. ಅರೆಗಣ್ಣು ಅವರ ಕುದುರೆ ಬಂದದ್ದು ಬಹುಶಃ ಈ ದಾರಿಯಿಂದಲೇ.

ವ್ಯಾಯಾಮದಿಂದ ಖಂಡಿತ ಒಳಿತಿದೆ. ಕಾಫಿಯೂ ಸ್ವಲ್ಪ ನೆರವಾಗುತ್ತದೆ. ಆದರೆ ಸಂಜೆ ಕುಡಿದ ಕಾಫಿ ರಾತ್ರಿಯ ನಿದ್ರೆಯನ್ನು ಕೆಡಿಸುತ್ತದೆ, ಈ ರೋಗಿಗಳ ರಾತ್ರಿಯ ನಿದ್ರೆಯೋ ಮೊದಲೇ ಚಿಂದಿಯಾಗಿರುತ್ತದೆ. ಹಗಲೆಲ್ಲ ಮಲಗುವವರು ರಾತ್ರಿ ಗಡದ್ದಾಗಿ ನಿದ್ರಿಸುತ್ತಾರೆ ಎಂದುಕೊಳ್ಳುವುದು ದೊಡ್ಡ ತಪ್ಪು ತಿಳಿವಳಿಕೆ. ನನ್ನ ಎದುರಿನ ಪರದೆಯಲ್ಲಿ ಅವರು ಗಂಟೆಗಂಟೆಗೂ ಎಚ್ಚರಗೊಳ್ಳುವುದನ್ನು ನೋಡಿದ್ದೇನೆ.

ನೇರಮಾತು:

ತಿಳಿಯಿತು. ತಮ್ಮನನ್ನು ಕುಂಭಕರ್ಣನೆಂದು ಹಂಗಿಸುತ್ತಿದ್ದವರಲ್ಲಿ ನಾನೇ ಮೊದಲಿಗ. ಇವತ್ತು ಅವನ ಕೋಣೆಗೆ ಹೋಗಿ ಒಂದು ಮಾತು ಆಡಬೇಕಾಗಿದೆ.

ಮಗಳತಾಯಿ:

ನನ್ನ ಮಗಳಿಗೆ ಹನ್ನೊಂದು ವರ್ಷ. ಕಳೆದ ವರ್ಷ ಆರೇ ತಿಂಗಳಲ್ಲಿ ಒಂಬತ್ತು ಕಿಲೊ ತೂಕ ಏರಿತು, ತರಗತಿಯಲ್ಲಿ ನಿದ್ರೆ ಹೋಗತೊಡಗಿದಳು. ಆಮೇಲೆ ಟಿವಿಯಲ್ಲಿ ತಮಾಷೆಯ ಕಾರ್ಯಕ್ರಮ ನೋಡುವಾಗ ಅವಳ ರೆಪ್ಪೆಗಳು ಅರ್ಧ ಮುಚ್ಚಿ, ಬಾಯಿ ತೆರೆದು, ನಾಲಿಗೆ ಹೊರಚಾಚಿಕೊಳ್ಳುತ್ತಿತ್ತು. ಅಣಕಿಸುತ್ತಿದ್ದಾಳೆಂದು ಶಿಕ್ಷಕಿಯೊಬ್ಬರು ಅವಳನ್ನು ತರಗತಿಯಿಂದ ಹೊರಗೆ ನಿಲ್ಲಿಸಿದರು. ಮೊದಲು ನೋಡಿದ ವೈದ್ಯರು ಮೂರ್ಛೆರೋಗವೆಂದು ಔಷಧಿ ಕೊಟ್ಟರು, ಏನೂ ಪ್ರಯೋಜನವಾಗಲಿಲ್ಲ. ಈಗ ಕಾಯಿಲೆ ಯಾವುದೆಂದು ಗೊತ್ತಾಗಿದೆ. ಶಾಲೆಯವರಿಗೆ ಹೇಗೆ ಹೇಳಬೇಕೆಂಬುದು ಮಾತ್ರ ತಿಳಿಯುತ್ತಿಲ್ಲ. ಅದಕ್ಕಿಂತ ದೊಡ್ಡ ಚಿಂತೆಯೆಂದರೆ ಅವಳು ನಗುವುದನ್ನೇ ಬಿಟ್ಟಿದ್ದಾಳೆ.

ಮೊಣಕಾಲು:

ಅಮ್ಮ, ನಿಮ್ಮ ಕೊನೆಯ ಸಾಲನ್ನು ಓದಿ ಉತ್ತರಿಸದೆ ಇರಲಾಗಲಿಲ್ಲ. ನಾನೂ ಹಾಗೆಯೇ ಎಂಟು ವರ್ಷ ನಗುವನ್ನು ಬಿಟ್ಟು ಬದುಕಿದವನು.

ಕ್ಯಾಟಪ್ಲೆಕ್ಸಿಯಲ್ಲಿ ಏನಾಗುತ್ತದೆಂದರೆ, ರೆಮ್ ನಿದ್ರೆಯಲ್ಲಿ ನಾವು ಕನಸಿನಂತೆ ಎದ್ದು ಓಡದಿರಲೆಂದು ಮಿದುಳು ಸ್ನಾಯುಗಳನ್ನು ಸಡಿಲಬಿಡುತ್ತದಲ್ಲ, ಆ ಸಡಿಲಿಕೆಯೊಂದೇ ಎಚ್ಚರದ ನಡುವೆ ನುಗ್ಗಿ ಬರುತ್ತದೆ. ಅದನ್ನು ಎಬ್ಬಿಸುವುದು ಭಾವನೆ. ನೋವು ಅಥವಾ ಭಯಕ್ಕಿಂತ ಹೆಚ್ಚಾಗಿ ನಗು. ಪ್ರಜ್ಞೆ ಪೂರ್ತಿ ಇರುತ್ತದೆ, ಎಲ್ಲರ ಮಾತೂ ಕೇಳಿಸುತ್ತದೆ. ಸಾಮಾನ್ಯವಾಗಿ ಕೆಲವು ಸೆಕೆಂಡುಗಳಿಂದ ಎರಡು ನಿಮಿಷದೊಳಗೆ ತಾನಾಗಿಯೇ ಸರಿಹೋಗುತ್ತದೆ. ಮುಖಕ್ಕೆ ನೀರೆರಚುವುದು, ಭುಜ ಹಿಡಿದು ಅಲುಗಾಡಿಸುವುದು, ಬಾಯಿಗೆ ಏನಾದರೂ ಹಾಕುವುದು ಯಾವುದೂ ಬೇಡ. ತಲೆಗೆ ಪೆಟ್ಟಾಗದಂತೆ, ಉಸಿರಿಗೆ ಅಡ್ಡಿಯಾಗದಂತೆ ನೋಡಿಕೊಂಡು ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದರೆ ಸಾಕು. ಸುತ್ತಲೂ ಜನ ಸೇರಿ ಗಾಬರಿಯಾದರೆ ನಮ್ಮ ಉದ್ವೇಗ ಹೆಚ್ಚಿ ಅದು ಇನ್ನಷ್ಟು ಹೊತ್ತು ಎಳೆಯುತ್ತದೆ. ಶಾಲೆಗೆ ಕೊಡುವ ಪತ್ರದಲ್ಲಿ ಇಷ್ಟನ್ನೇ ಬರೆಯಿರಿ, ಮಧ್ಯಾಹ್ನ ಇಪ್ಪತ್ತು ನಿಮಿಷ ಮಲಗಲು ಒಂದು ಜಾಗವನ್ನೂ ಕೇಳಿ. ವೈದ್ಯರ ಸಹಿ ಇರುವ ಒಂದು ಪುಟದ ಪತ್ರ ಸಾಕು. ನಾಲ್ಕು ಪುಟವಾದರೆ ಯಾರೂ ಓದುವುದಿಲ್ಲ.

ನನ್ನ ಅನುಭವದಲ್ಲಿ, ಬೇರೆಯವರ ಹಾಸ್ಯಕ್ಕಿಂತ ನಾನೇ ಹೇಳುವ ಹಾಸ್ಯ ಹೆಚ್ಚು ಅಪಾಯಕಾರಿ. ಕಥೆಯ ಕೊನೆಯ ಮಾತು ನಾಲಿಗೆಯ ತುದಿಗೆ ಬಂದಿರುತ್ತದೆ. ಅದು ಹೊರಬೀಳುವ ಮೊದಲೇ ದವಡೆ ಜಾರುತ್ತದೆ, ಮಾತು ತೊದಲುತ್ತದೆ, ಕತ್ತು ಮುಂದಕ್ಕೆ ವಾಲುತ್ತದೆ, ಆಮೇಲೆ ಮೊಣಕಾಲು. ಒಮ್ಮೆ ಕೈಯಲ್ಲಿ ಗಾಜಿನ ಲೋಟವಿತ್ತು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುವುದನ್ನು ನಾನು ನೋಡುತ್ತಲೇ ಇದ್ದೆ, ಅವುಗಳಿಗೆ ಹಿಡಿ ಎಂದು ಹೇಳಲು ನನ್ನಿಂದಾಗಲಿಲ್ಲ. ಲೋಟ ಒಡೆಯಿತು, ನಾನು ಅದರ ಪಕ್ಕದಲ್ಲೇ ಕುಸಿದೆ. ಎದುರಿಗಿದ್ದ ಗೆಳೆಯರು ಇದೂ ಆ ಹಾಸ್ಯದ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು.

ಈಗ ಔಷಧದಿಂದ ಬಹಳಷ್ಟು ಹತೋಟಿಗೆ ಬಂದಿದೆ. ಉಳಿದದ್ದಕ್ಕೆ ನನ್ನ ಉಪಾಯ ಸರಳ: ಗೆಳೆಯರು ಸೇರುವಲ್ಲಿ ನಿಲ್ಲುವುದಿಲ್ಲ, ಕೈಯಿರುವ ಕುರ್ಚಿಯಲ್ಲಿ ಕುಳಿತುಕೊಳ್ಳುತ್ತೇನೆ, ಲೋಟವನ್ನು ಮೇಜಿನ ಮೇಲಿಟ್ಟ ನಂತರವೇ ಕಥೆ ಶುರು ಮಾಡುತ್ತೇನೆ. ಮೆಟ್ಟಿಲ ಮೇಲೆ ಯಾರಾದರೂ ನಗಿಸಲು ಹೊರಟರೆ ಕಂಬಿ ಹಿಡಿದು ಕುಳಿತುಬಿಡುತ್ತೇನೆ. ನಿಮ್ಮ ಮಗಳಿಗೂ ನಗಬೇಡವೆಂದು ಹೇಳಬೇಡಿ, ಕುಳಿತು ನಗಲು ಹೇಳಿಕೊಡಿ. ಹಾಸ್ಯ ಕಾರ್ಯಕ್ರಮ ನೋಡುವಾಗ ನೆಲದ ಮೇಲೆ ದಿಂಬಿಗೆ ಒರಗಿರಲಿ, ನೀವೂ ಪಕ್ಕದಲ್ಲಿ ಕುಳಿತು ನಗಿ.

ಒಂದು ಎಚ್ಚರಿಕೆಯ ಮಾತು. ಕ್ಯಾಟಪ್ಲೆಕ್ಸಿಗಾಗಿ ವೆನ್ಲಫ್ಯಾಕ್ಸಿನ್‌ನಂತಹ ಖಿನ್ನತೆ ನಿವಾರಕ ಔಷಧಗಳನ್ನು ಕೊಡುವುದುಂಟು. ಪ್ರವಾಸಕ್ಕೆ ಹೋದಾಗ ನಾನು ಮಾತ್ರೆಯ ಡಬ್ಬಿಯನ್ನು ಮರೆತಿದ್ದೆ. ಮೂರನೆಯ ದಿನ ಕುಸಿತಗಳು ಒಂದರ ಹಿಂದೆ ಒಂದು ಬಂದು, ಅರ್ಧ ದಿನ ನೆಲದಿಂದ ಏಳಲಾಗಲಿಲ್ಲ. ಆ ಔಷಧಗಳನ್ನು ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು.

ಮಗಳತಾಯಿ:

ಕುಳಿತು ನಗುವುದು ನನಗೆ ಹೊಳೆದೇ ಇರಲಿಲ್ಲ. ಧನ್ಯವಾದಗಳು.

ದೀಪವಾರಿಸದವಳು:

ನನ್ನ ಪತಿಗೆ ಈ ಕಾಯಿಲೆಯಿದೆ. ರಾತ್ರಿಯ ಕುರಿತು ಇಲ್ಲಿ ಯಾರೂ ಹೆಚ್ಚು ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಮದುವೆಯಾದ ಹೊಸತರಲ್ಲಿ ಅವರು ನಿದ್ರೆಗೆ ಜಾರುವ ಹೊತ್ತಿಗೆ ಕೋಣೆಯಲ್ಲಿ ಯಾರೋ ನಿಂತಿರುವುದನ್ನು ಕಾಣುತ್ತಿದ್ದರು, ಕೂಗಲು ಹೋದರೆ ಸ್ವರ ಹೊರಡುತ್ತಿರಲಿಲ್ಲ, ಕೈಕಾಲು ಅಲುಗುತ್ತಿರಲಿಲ್ಲ. ಮನೆಯ ಹಿರಿಯರು ಇದಕ್ಕೆ ಕೊಟ್ಟ ಕಾರಣಗಳನ್ನು ಬರೆಯುವುದಿಲ್ಲ, ನೀವೇ ಊಹಿಸಿಕೊಳ್ಳಬಹುದು. ನಿಜವಾದ ಕಾರಣ ಇಷ್ಟೇ: ಕಣ್ಣು ತೆರೆದಿರುವಾಗಲೇ ಕನಸು ಆರಂಭವಾಗಿರುತ್ತದೆ, ದೇಹ ಮಾತ್ರ ಇನ್ನೂ ನಿದ್ರೆಯ ಹಿಡಿತದಲ್ಲಿರುತ್ತದೆ.

ನಾವು ಮಾಡಿಕೊಂಡಿರುವ ಒಪ್ಪಂದವೆಂದರೆ, ಅವರ ಉಸಿರು ಬಿರುಸಾಗಿ ಗಂಟಲಿನಿಂದ ಸಣ್ಣ ನರಳಿಕೆ ಬಂದ ಕೂಡಲೇ ನಾನು ಅವರ ಮುಂಗೈ ಹಿಡಿದು ಹೆಸರು ಕರೆಯುತ್ತೇನೆ. ಮುಟ್ಟಿದರೆ ಸಾಮಾನ್ಯವಾಗಿ ಕಟ್ಟು ಬಿಡುತ್ತದೆ. ಅಂಗಾತ ಮಲಗಿದಾಗ ಹೆಚ್ಚಾಗುವುದೆಂದು ಗಮನಿಸಿ ಮಗ್ಗುಲಾಗಿ ಮಲಗುವ ಅಭ್ಯಾಸ ಮಾಡಿಕೊಂಡಿದ್ದಾರೆ. ಒಂದು ಮಂದ ದೀಪ ರಾತ್ರಿಯಿಡೀ ಉರಿಯುತ್ತದೆ, ಕಂಡದ್ದು ಕೋಟು ನೇತುಹಾಕಿದ ಗೂಟವೆಂದು ತಕ್ಷಣ ತಿಳಿಯಲಿ ಎಂಬ ಕಾರಣಕ್ಕೆ.

ಈಗ ಅವರು ರಾತ್ರಿಯ ನಿದ್ರೆಯನ್ನು ಗಾಢವಾಗಿಸುವ ಸೋಡಿಯಂ ಆಕ್ಸಿಬೇಟ್ ದ್ರಾವಣ ತೆಗೆದುಕೊಳ್ಳುತ್ತಾರೆ. ಮಲಗುವಾಗ ಹಾಸಿಗೆಯಲ್ಲೇ ಕುಳಿತು ಒಂದು ಸಲ, ಎರಡೂವರೆಯಿಂದ ನಾಲ್ಕು ಗಂಟೆಗಳ ನಂತರ ಮತ್ತೊಂದು ಸಲ. ಬಹಳ ಬಿಗಿಯಾದ ನಿಯಮಗಳಿರುವ ಔಷಧ ಇದು. ಮದ್ಯ ಅಥವಾ ನಿದ್ರೆ ಮಾತ್ರೆಯ ಜೊತೆ ಸೇರಿದರೆ ಉಸಿರಾಟಕ್ಕೇ ಸಂಚಕಾರ. ಎರಡನೆಯ ಅಲಾರಂ ಅವರಿಗೆ ಕೇಳಿಸುವುದಿಲ್ಲ, ನನಗೆ ಕೇಳಿಸುತ್ತದೆ. ಹೀಗಾಗಿ ನಮ್ಮ ಮನೆಯಲ್ಲಿ ಚೆನ್ನಾಗಿ ನಿದ್ರೆ ಮಾಡುವವರು ಈಗ ರೋಗಿಯೇ.

ಹೊಸಪುಟ:

ಮೊಡಾಫಿನಿಲ್ ತೆಗೆದುಕೊಳ್ಳುವ ಹೆಣ್ಣುಮಕ್ಕಳಿಗೆ ಒಂದು ಮಾತು. ಇದು ಗರ್ಭನಿರೋಧಕ ಹಾರ್ಮೋನ್ ಮಾತ್ರೆಗಳ ಪ್ರಭಾವವನ್ನು ತಗ್ಗಿಸುತ್ತದೆ. ಔಷಧ ನಿಲ್ಲಿಸಿದ ಮೇಲೂ ಒಂದು ತಿಂಗಳು ಬೇರೆ ವಿಧಾನವನ್ನು ಬಳಸಬೇಕು. ನನಗೆ ಇದನ್ನು ಯಾರೂ ಹೇಳಿರಲಿಲ್ಲ, ಔಷಧದ ಪೆಟ್ಟಿಗೆಯೊಳಗಿನ ಚೀಟಿ ಓದಿ ತಿಳಿದುಕೊಂಡೆ. ಮೈಮೇಲೆ ದದ್ದು ಎದ್ದರೂ ಮಾತ್ರೆ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಬೇಕು.

ಎರಡನೇಜಾವ:

ವಾಹನ ಚಾಲನೆಯ ವಿಚಾರ ಬಾರದೆ ಈ ಚರ್ಚೆ ಮುಗಿಯಬಾರದು. ಚಿಕಿತ್ಸೆ ನೆಲೆಗೊಂಡು, ವೈದ್ಯರು ಒಪ್ಪಿ, ನಿಮ್ಮಲ್ಲಿಯ ಕಾನೂನೂ ಒಪ್ಪುವವರೆಗೆ ಸ್ಟೀರಿಂಗ್ ಹಿಡಿಯಬೇಡಿ. ಒಪ್ಪಿದ ಮೇಲೂ ನಾನು ನಿದ್ರೆ ಮಾಡಿ ಎದ್ದ ನಂತರ ಮಾತ್ರ, ಅರ್ಧ ಗಂಟೆಗಿಂತ ಕಡಿಮೆ ದೂರಕ್ಕೆ ಮಾತ್ರ ಓಡಿಸುತ್ತೇನೆ. ಕಿಟಕಿ ಇಳಿಸುವುದು, ಜೋರಾಗಿ ಹಾಡು ಹಾಕುವುದು, ತೊಡೆ ಚಿವುಟಿಕೊಳ್ಳುವುದು ಇವೆಲ್ಲ ನಮ್ಮನ್ನು ನಾವೇ ನಂಬಿಸಿಕೊಳ್ಳುವ ಆಟಗಳು. ಕ್ಷಣನಿದ್ರೆಗೆ ಜಾರುವವರಿಗೆ ಜಾರಿದ್ದು ಗೊತ್ತೇ ಆಗುವುದಿಲ್ಲ. ಈಜುವುದು, ಏಣಿ ಹತ್ತುವುದು, ಒಬ್ಬರೇ ಒಲೆಯ ಮುಂದೆ ನಿಲ್ಲುವುದು ಇವಕ್ಕೂ ಇದೇ ಎಚ್ಚರ ಬೇಕು. ಊಟವನ್ನು ಒಮ್ಮೆಗೇ ಹೊಟ್ಟೆ ಬಿರಿಯುವಂತೆ ಮಾಡದೆ ಎರಡಾಗಿ ಹಂಚಿಕೊಂಡರೆ ಮಧ್ಯಾಹ್ನದ ಮಂಪರು ಸ್ವಲ್ಪ ತಗ್ಗುತ್ತದೆ.

ಮೂಲೆಮೇಜು:

ಕೆಲಸದ ಜಾಗದಲ್ಲಿ ಹೇಳಬೇಕೇ ಬೇಡವೇ ಎಂಬುದರ ಬಗ್ಗೆ ಅರೆಗಣ್ಣು ಅವರು ಕೇಳಿಲ್ಲವಾದರೂ ಅದೇ ಮುಂದಿನ ಪ್ರಶ್ನೆಯಾಗಿರುತ್ತದೆ. ನಾನು ಮೊದಲ ದಿನವೇ ಎಲ್ಲರಿಗೂ ಹೇಳಿದೆ. ಅಂದಿನಿಂದ ನಾನು ಮಾಡಿದ ಸಾಮಾನ್ಯ ತಪ್ಪುಗಳಿಗೂ ಕಾಯಿಲೆಯೇ ಕಾರಣವಾಗಿಬಿಟ್ಟಿತು. ನನ್ನ ಸಲಹೆ: ಹೇಳಬೇಡಿ.

ಎರಡನೇಜಾವ:

ನಾನು ಇದನ್ನು ಒಪ್ಪುವುದಿಲ್ಲ. ಹೇಳದಿದ್ದರೆ ಇಪ್ಪತ್ತು ನಿಮಿಷದ ನಿದ್ರೆಯನ್ನು ಶೌಚಾಲಯದಲ್ಲಿ ಕುಳಿತು ಕದಿಯಬೇಕಾಗುತ್ತದೆ. ನಾನು ಮೂರು ವರ್ಷ ಹಾಗೆ ಕದ್ದಿದ್ದೇನೆ. ಎಲ್ಲರಿಗೂ ಹೇಳಬೇಕಾಗಿಲ್ಲ, ನಿಮ್ಮ ಹೊತ್ತನ್ನು ಹೊಂದಿಸಿಕೊಡಬಲ್ಲ ಒಬ್ಬರಿಗೆ ಹೇಳಿ. ಅದನ್ನೂ ರೋಗದ ವಿವರಣೆಯಾಗಿ ಅಲ್ಲ, ಬೇಡಿಕೆಯಾಗಿ ಹೇಳಿ: ದಿನಕ್ಕೆ ಎರಡು ಸಲ ಬಾಗಿಲು ಮುಚ್ಚುವ ಒಂದು ಕೋಣೆ, ಎರಡು ಗಂಟೆಗೆ ಮುಂಚೆ ಮುಖ್ಯ ಸಭೆಗಳು, ಅಷ್ಟು ಹೊತ್ತನ್ನು ಸಂಜೆ ಕೆಲಸ ಮಾಡಿ ತುಂಬಿಕೊಡುವ ಮಾತು.

ಮೂಲೆಮೇಜು:

ಆ ಒಬ್ಬರು ಒಳ್ಳೆಯವರಾಗಿದ್ದರೆ ಸರಿ. ನನಗೆ ಸಿಕ್ಕವರು ಹಾಗಿರಲಿಲ್ಲ.

ಅರೆಗಣ್ಣು:

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಚುಕ್ಕೆಗಳ ಕಾಗದವನ್ನು ಎರಡು ವಾರ ತುಂಬಿದೆ. ನನ್ನ ಗುಂಪು ಎರಡೂ ಕಾಲಿಗೆ ಇತ್ತು, ಇನ್ನೊಂದು ಚಿಕ್ಕದು ಹನ್ನೊಂದಕ್ಕೆ. ಎರಡನೆಯದನ್ನು ನಾನು ಇಷ್ಟು ದಿನ ಗಮನಿಸಿಯೇ ಇರಲಿಲ್ಲ. ಮೂಲೆಮೇಜು ಅವರ ಮಾತು ಮನಸ್ಸಿನಲ್ಲಿದ್ದುದರಿಂದ ಹಲವು ದಿನ ಹಿಂದೇಟು ಹಾಕಿ, ಕೊನೆಗೆ ನನ್ನ ಮೇಲಧಿಕಾರಿಯೊಬ್ಬರಿಗೆ ಮಾತ್ರ ಹೇಳಿದೆ. ಅವರು ಹಳೆಯ ಕಡತಗಳನ್ನಿಡುವ ಕೋಣೆಯ ಬೀಗದ ಕೈ ಕೊಟ್ಟರು. ಅಲ್ಲಿ ಬೆಂಚಿದೆ, ಧೂಳೂ ಇದೆ. ಒಂದೂ ಐವತ್ತಕ್ಕೆ ಹೋಗಿ ಎರಡೂ ಹತ್ತಕ್ಕೆ ಎದ್ದು ಬರುತ್ತೇನೆ. ಹನ್ನೊಂದರ ನಿದ್ರೆಗೆ ಇನ್ನೂ ದಾರಿ ಸಿಕ್ಕಿಲ್ಲ.

ಕಳೆದ ಮೂರು ವಾರಗಳ ಟಿಪ್ಪಣಿಗಳಲ್ಲಿ ಅಕ್ಷರ ಜಾರಿರುವುದು ಒಂದೇ ಪುಟದಲ್ಲಿ. ಆ ದಿನ ಯಾರೋ ಬೀಗದ ಕೈಯನ್ನು ತೆಗೆದುಕೊಂಡು ಹೋಗಿದ್ದರು. ಕುದುರೆಯ ಸುದ್ದಿಯಿಲ್ಲ, ಈ ಸಲ “ಸಮುದ್ರವನ್ನು ನಾಳೆಗೆ ಮುಂದೂಡಲಾಗಿದೆ” ಎಂದು ಬರೆದಿದ್ದೇನೆ. ಬರುವ ವಾರ ವೈದ್ಯರ ಭೇಟಿಯಿದೆ, ಚುಕ್ಕೆಯ ಕಾಗದಗಳನ್ನೂ ಆ ಪುಟವನ್ನೂ ಒಟ್ಟಿಗೆ ಕೊಂಡೊಯ್ಯುತ್ತೇನೆ.

ಮಗಳತಾಯಿ ಅವರೇ, ಶಾಲೆಯವರು ಏನೆಂದರು?

ಮಗಳತಾಯಿ:

ಪತ್ರ ಒಂದೇ ಪುಟದ್ದು, ಕೊಟ್ಟಾಗಿದೆ. ಮಲಗಲು ಗ್ರಂಥಾಲಯದ ಹಿಂದಿನ ಕೋಣೆಯನ್ನು ಕೊಟ್ಟಿದ್ದಾರೆ. ಮೊನ್ನೆ ರಾತ್ರಿ ದಿಂಬಿಗೆ ಒರಗಿ ಹಾಸ್ಯ ಕಾರ್ಯಕ್ರಮ ನೋಡುತ್ತ ಅವಳು ಎರಡು ಸಲ ಕುಸಿದಳು. ಎರಡನೆಯ ಸಲ ತಲೆ ಎತ್ತಿದ ಕೂಡಲೇ ಕೇಳಿದ್ದು, ನಡುವೆ ಏನು ಹೇಳಿದರು, ಇನ್ನೊಮ್ಮೆ ಹಾಕು ಎಂದು.